ಪ್ಯಾಲಿಯೋ ಕುಂಬಳಕಾಯಿ ಉಂಡೆ ಕಟ್ಟಲು ಹೋದೆ, ಅಂಬಲಿ ಆಯಿತು!

ಪ್ರಶ್ನೆ (ಡಲ್ಲಾಸ್‌ನಿಂದ ಒಬ್ಬ ಸದಸ್ಯೆ):

ಮೇಡಂ, ನಮಸ್ಕಾರ. ನಮ್ಮ ಮನೆಯವರು ಎರಡು ತಿಂಗಳಿಂದ ಪ್ಯಾಲಿಯೋ ಡಯಟ್, ಅದೇ ಹಳೆ ಶಿಲಾಯುಗದವರ ಹಾಗೆ ತಿನ್ನಬೇಕು ಅನ್ನುವ ಪಥ್ಯ, ಹಿಡಿದಿದ್ದಾರೆ. ಅನ್ನ ಇಲ್ಲ, ಚಪಾತಿ ಇಲ್ಲ, ಬೇಳೆ ಇಲ್ಲ, ಹಾಲು ಮೊಸರು ಇಲ್ಲ, ಸಕ್ಕರೆಯ ಹೆಸರೂ ಎತ್ತುವ ಹಾಗಿಲ್ಲ. ಮಾಂಸ ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತಾರೆ. ಮುಂದಿನ ವಾರ ಥ್ಯಾಂಕ್ಸ್‌ಗಿವಿಂಗ್, ಇವರ ಆಫೀಸಿನವರು ನಾಲ್ಕು ಜನ ಮನೆಗೆ ಬರುತ್ತಾರೆ. ಅವರೆಲ್ಲ ಪಂಪ್ಕಿನ್ ಪೈ ತಿನ್ನುವಾಗ ಇವರೊಬ್ಬರು ಮೂಲೆಯಲ್ಲಿ ಬಾದಾಮಿ ಅಗಿಯುತ್ತಾ ಕೂರುವುದು ಬೇಡ ಅಂತ, ಕುಂಬಳಕಾಯಿಯದ್ದೇ ಏನಾದರೂ ಸಿಹಿ ಮಾಡೋಣ ಅಂದುಕೊಂಡೆ. ಅವನ್ ಆ ದಿನ ಪೂರ್ತಿ ಬೇರೆ ಅಡುಗೆಗೆ ಬೇಕು, ಹಾಗಾಗಿ ಬೇಕ್ ಮಾಡುವುದು ಆಗಲ್ಲ.

ನಿನ್ನೆ ಪರೀಕ್ಷೆಗೆ ಅಂತ ಅರ್ಧ ಟಿನ್ ಕುಂಬಳಕಾಯಿ ಪ್ಯೂರಿ, ಒಂದು ಕಪ್ ಬಾದಾಮಿ ಪುಡಿ, ಎರಡು ದೊಡ್ಡ ಚಮಚ ಜೇನುತುಪ್ಪ ಹಾಕಿ ಕಲಸಿದೆ. ಅಂಬಲಿ ಆಯಿತು. ತೆಂಗಿನ ಹಿಟ್ಟು ಹಾಕು ಅಂತ ಗೆಳತಿ ಹೇಳಿದಳು. ನಾಲ್ಕು ಚಮಚ ಹಾಕಿದೆ, ಇನ್ನೂ ಮೆತ್ತಗಿತ್ತು, ಮತ್ತೆ ನಾಲ್ಕು ಹಾಕಿದೆ, ಫೋನ್ ಬಂತು ಅಂತ ಆಚೆ ಹೋಗಿ ಬಂದು ನೋಡಿದರೆ ಮರಳಿನ ಹಾಗೆ ಉದುರುತ್ತಿದೆ! ಎಲ್ಲಿ ತಪ್ಪಿದೆ? ಇನ್ನೊಂದು, ಅತ್ತೆ ಹಾಸನದಿಂದ ಬಂದಿದ್ದಾರೆ, ಅವರಿಗೆ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೂ ಒಂದು ಕೊಡಬಹುದಾ?

ಉತ್ತರ (ಡಯಟಿಷಿಯನ್, ಮೈಸೂರು):

ನೀರು. ನಿಮ್ಮ ಕಷ್ಟವೆಲ್ಲ ಅದೇ. ಟಿನ್‌ನಲ್ಲಿ ಬರುವ ಕುಂಬಳಕಾಯಿಯಲ್ಲಿ 100 ಗ್ರಾಂಗೆ ಸುಮಾರು 90 ಗ್ರಾಂ ನೀರೇ ಇರುತ್ತದೆ. ನಮ್ಮಮ್ಮ ಕುಂಬಳಕಾಯಿ ಹಲ್ವ ಮಾಡುವಾಗ ಬಾಣಲೆ ಮುಂದೆ ನಿಂತು ಕೈ ನೋಯುವ ತನಕ ತಿರುವುತ್ತಿದ್ದದ್ದು ಈ ನೀರು ಆರಲಿ ಅಂತಲೇ. ಗಾರಿಗೆಗೆ ಹಾಕಿದರೆ ಗೋಧಿ ಹಿಟ್ಟು ಆ ನೀರನ್ನು ಕುಡಿಯುತ್ತದೆ. ಪೈನಲ್ಲಿ ಮೊಟ್ಟೆ ಬೆಂದು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀವು ಒಲೆ, ಗೋಧಿ, ಮೊಟ್ಟೆ ಮೂರನ್ನೂ ಬಿಟ್ಟು, ಮೇಲೆ ಜೇನುತುಪ್ಪ ಬೇರೆ ಸುರಿದಿರಿ. ಅಂಬಲಿ ಆಗದೆ ಇನ್ನೇನಾಗುತ್ತದೆ!

ತೆಂಗಿನ ಹಿಟ್ಟಿನ ಸ್ವಭಾವವೂ ತಿಳಿದಿರಲಿ. ಅದು ತೆಂಗಿನ ಹಾಲು ಹಿಂಡಿದ ಮೇಲೆ ಉಳಿಯುವ ಚರಟವನ್ನು ಒಣಗಿಸಿ ಪುಡಿ ಮಾಡಿದ್ದು, ನಾರು ಜಾಸ್ತಿ. ನೀರು ವಿಪರೀತ ಹೀರುತ್ತದೆ, ಆದರೆ ನಿಧಾನಕ್ಕೆ. ಹಾಕಿದ ತಕ್ಷಣ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ, ಹತ್ತು ನಿಮಿಷ ಬಿಟ್ಟರೆ ಗಟ್ಟಿ. ನೀವು ಕಾಯದೆ ಎರಡನೇ ಸಲ ಹಾಕಿದ್ದೇ ಮರಳಾಗಲು ಕಾರಣ. ಆ ಮರಳನ್ನು ಎಸೆಯಬೇಡಿ, ಎರಡು ಮೂರು ಖರ್ಜೂರ ಅರೆದು ಸೇರಿಸಿ, ಒಂದು ಚಮಚ ತೆಂಗಿನೆಣ್ಣೆ ಬಿಟ್ಟು ನಾದಿ, ಸರಿಹೋಗುತ್ತದೆ.

ಈಗ ಮಾಡುವ ರೀತಿ. ಒಂದು ಕಪ್ ಪ್ಯೂರಿ, ಅಂದರೆ ಸುಮಾರು 245 ಗ್ರಾಂ, ಅಗಲ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕೈಯಾಡಿಸಿ. ಒಲೆ ಹಚ್ಚಿದರೆ ನೋ ಬೇಕ್ ಹೇಗಾಯಿತು ಅಂತ ಕೇಳಬೇಡಿ, ಅವನ್ ಬೇಡ ಅಂದಿರಿ, ಒಲೆ ಬೇಡ ಅನ್ನಲಿಲ್ಲವಲ್ಲ. ಹತ್ತು ಹನ್ನೆರಡು ನಿಮಿಷಕ್ಕೆ ಅದು ಅರ್ಧಕ್ಕೆ ಇಳಿದು ತಳ ಬಿಡಲು ಶುರು ಮಾಡುತ್ತದೆ, ಚಮಚದಲ್ಲಿ ಗೆರೆ ಎಳೆದರೆ ಗೆರೆ ಮುಚ್ಚುವುದಿಲ್ಲ, ಬಣ್ಣವೂ ಕೇಸರಿಯಿಂದ ಇಟ್ಟಿಗೆ ಕೆಂಪಿನ ಕಡೆ ತಿರುಗುತ್ತದೆ. ಪೂರ್ತಿ ತಣ್ಣಗಾಗಲಿ. ಎಂಟು ಮೆಡ್ಜೂಲ್ ಖರ್ಜೂರದ ಬೀಜ ತೆಗೆದು ಮಿಕ್ಸಿಯಲ್ಲಿ ನೀರು ಹಾಕದೆ ಅರೆಯಿರಿ. ಗಟ್ಟಿ ಖರ್ಜೂರ ಆದರೆ ಆವಿಯಲ್ಲಿ ಐದು ನಿಮಿಷ ಇಡಿ, ನೆನೆಸಬೇಡಿ, ನೆನೆಸಿದರೆ ಮತ್ತೆ ಅದೇ ನೀರಿನ ಕಥೆ. ಇದಕ್ಕೆ ಒಂದು ಕಪ್ ಬಾದಾಮಿ ಪುಡಿ, ಅರ್ಧ ಕಪ್ ಒಣ ಕೊಬ್ಬರಿ ತುರಿ, ಎರಡೇ ಎರಡು ದೊಡ್ಡ ಚಮಚ ತೆಂಗಿನ ಹಿಟ್ಟು, ಒಂದು ದೊಡ್ಡ ಚಮಚ ತೆಂಗಿನೆಣ್ಣೆ, ಒಂದು ಟೀ ಚಮಚ ದಾಲ್ಚಿನ್ನಿ ಪುಡಿ, ಅರ್ಧ ಟೀ ಚಮಚ ಒಣಶುಂಠಿ, ಒಂದು ಲವಂಗ ಕುಟ್ಟಿದ್ದು, ಜಾಯಿಕಾಯಿ ಎರಡು ಸಲ ತೇಯ್ದಷ್ಟು, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಕುಂಬಳ ಸಪ್ಪೆ. ಕಲಸಿ ಕಾಲು ಗಂಟೆ ಮುಚ್ಚಿಡಿ. ಆಮೇಲೆ ಉಂಡೆ ಕಟ್ಟಿ ಕೊಬ್ಬರಿಯಲ್ಲಿ ಹೊರಳಿಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. 20 ಉಂಡೆ ಆಗುತ್ತವೆ.

ಫ್ರಿಜ್ ಯಾಕೆ ಅಂದರೆ ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಕರಗುತ್ತದೆ. ಹೀಟರ್ ಹಾಕಿದ ಮನೆಯಲ್ಲಿ, ಜನ ತುಂಬಿರುವಾಗ, ತಟ್ಟೆಯಲ್ಲಿ ಎರಡು ಗಂಟೆ ಇಟ್ಟರೆ ಉಂಡೆ ಕುಳಿತುಬಿಡುತ್ತದೆ. ಊಟ ಮುಗಿದ ಮೇಲೆ ತೆಗೆಯಿರಿ.

ಅತ್ತೆಯ ವಿಷಯ. ಪ್ಯಾಲಿಯೋ ಅಂದ ಮಾತ್ರಕ್ಕೆ ಸಕ್ಕರೆ ಇಲ್ಲ ಅಂತಲ್ಲ. ಒಂದು ಮೆಡ್ಜೂಲ್ ಖರ್ಜೂರದಲ್ಲಿಯೇ ಸುಮಾರು 16 ಗ್ರಾಂ ಸಕ್ಕರೆ ಇದೆ. ನಾನು ಲೆಕ್ಕ ಹಾಕಿದ ಪ್ರಕಾರ ಈ ಒಂದು ಉಂಡೆಯಲ್ಲಿ 80 ಕ್ಯಾಲೊರಿ, 7 ಗ್ರಾಂ ಸಕ್ಕರೆ ಆಸುಪಾಸು. ಹಾಗಾಗಿ ಊಟದ ಜೊತೆ ಒಂದು, ಅನ್ನ ಅಥವಾ ಚಪಾತಿ ಸ್ವಲ್ಪ ಕಮ್ಮಿ ಮಾಡಿ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಾಫಿ ಜೊತೆ ಬೇಡ. ಮನೆಯಲ್ಲಿ ಮೀಟರ್ ಇದ್ದರೆ ಎರಡು ಗಂಟೆ ಬಿಟ್ಟು ನೋಡಿ, ಅವರ ಮೈ ಹೇಗೆ ತೆಗೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಇನ್ನೂ ಕಡಿಮೆ ಬೇಕು ಅಂದರೆ ನಾಲ್ಕೇ ಖರ್ಜೂರ ಹಾಕಿ, ಅಂಟಿಗೆ ಎರಡು ಚಮಚ ಬಾದಾಮಿ ಬೆಣ್ಣೆ ಸೇರಿಸಿ.

ಕೇಳದಿದ್ದರೂ ಒಂದು ಮಾತು. ಮಾಂಸ ಇಲ್ಲ, ಬೇಳೆ ಇಲ್ಲ, ಹಾಲೂ ಇಲ್ಲ ಅಂದರೆ ನಿಮ್ಮ ಮನೆಯವರಿಗೆ ಪ್ರೋಟೀನ್ ಎಲ್ಲಿಂದ ಬರುತ್ತಿದೆ? ದಿನಕ್ಕೆ ಎಷ್ಟು ಮೊಟ್ಟೆ? ಅದನ್ನು ಒಮ್ಮೆ ಬರೆದು ಕಳಿಸಿ. ಕ್ಯಾಲ್ಸಿಯಮ್ ಕೂಡ ನೋಡಬೇಕು.

ಪ್ರಶ್ನೆ (ಶಿರಸಿ ಕಡೆಯವರು):

ಮೇಡಂ, ನಾವು ಇದಕ್ಕೆ ಚೀನಿಕಾಯಿ ಅನ್ನುತ್ತೇವೆ, ಹಿತ್ತಲಲ್ಲಿ ಬಳ್ಳಿ ತುಂಬ ಬಿದ್ದಿವೆ. ಖರ್ಜೂರ ದುಬಾರಿ. ಜೋನಿ ಬೆಲ್ಲ ಹಾಕಿದರೆ ಆಗುತ್ತದಾ?

ಉತ್ತರ:

ರುಚಿ ಕೇಳಿದರೆ ಜೋನಿ ಬೆಲ್ಲಕ್ಕೆ ಸಮ ಯಾವುದೂ ಇಲ್ಲ, ನನ್ನ ಮನೆಗೂ ಒಂದು ಡಬ್ಬಿ ಕಳಿಸಿ. ಆದರೆ ಕಟ್ಟುನಿಟ್ಟಾಗಿ ಪ್ಯಾಲಿಯೋ ಮಾಡುವವರು ಬೆಲ್ಲವನ್ನು ಒಪ್ಪುವುದಿಲ್ಲ, ಜೇನು, ಖರ್ಜೂರ, ಮೇಪಲ್ ಸಿರಪ್ ತನಕ ಬರುತ್ತಾರೆ. ಮೈಗೆ ಸೇರಿದ ಮೇಲೆ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಏನಿಲ್ಲ, ಎಲ್ಲವೂ ಸಕ್ಕರೆಯೇ. ನಿಮಗೆ ಪ್ಯಾಲಿಯೋ ಹಠ ಇಲ್ಲದಿದ್ದರೆ ಜೋನಿಯನ್ನು ಕುಂಬಳದ ಜೊತೆಯಲ್ಲೇ ಬಾಣಲೆಗೆ ಹಾಕಿ ಒಟ್ಟಿಗೆ ಆರಿಸಿ, ಆಮೇಲೆ ಹಾಕಿದರೆ ಉಂಡೆ ನಿಲ್ಲುವುದಿಲ್ಲ.

ಕಾಯಿ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಬೆಲ್ಲ ಹಾಕಿ ಮುಚ್ಚಲು ಹೋಗಬೇಡಿ. ಕುಂಬಳ, ಸೋರೆ, ಸೌತೆ ಜಾತಿಯಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಇರಬಹುದು, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಜೋರಾಗಿ ಹಿಡಿಯುತ್ತದೆ.

ಪ್ರಶ್ನೆ (ಬೆಂಗಳೂರು):

ನಮಗೆ ಟಿನ್ ಸಿಕ್ಕರೂ ಬೆಲೆ ನೋಡಿ ವಾಪಸ್ ಇಡುತ್ತೇವೆ. ಮಾರ್ಕೆಟ್ಟಿನ ಸಿಹಿಗುಂಬಳದಲ್ಲಿ ಮಾಡಿದರೆ ಅದೇ ರುಚಿ ಬರುತ್ತದಾ? ಬೂದುಗುಂಬಳದಲ್ಲಿ ಆಗುತ್ತದಾ?

ಉತ್ತರ:

ಬೂದುಗುಂಬಳ ಬೇಡ. ಅದು ಕಾಶಿ ಹಲ್ವಕ್ಕೆ, ಇಲ್ಲಿ ಬರೀ ನೀರು. ಸಿಹಿಗುಂಬಳದಲ್ಲಿ ಧಾರಾಳವಾಗಿ ಮಾಡಿ. ತಮಾಷೆ ಏನೆಂದರೆ ಅಮೆರಿಕದ ಟಿನ್‌ಗಳಿಗೆ ಹೆಚ್ಚಾಗಿ ಹೋಗುವ ಡಿಕಿನ್ಸನ್ ತಳಿ ಮತ್ತು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಎರಡೂ ಒಂದೇ ಜಾತಿ, ಕುಕುರ್ಬಿಟಾ ಮೊಸ್ಕಾಟಾ. ನೀವು ಬಿಟ್ಟು ಬಂದ ಟಿನ್ ಒಳಗೆ ಇದ್ದದ್ದು ನಿಮ್ಮ ಕೈಚೀಲದಲ್ಲಿರುವ ಕಾಯಿಯ ಅಣ್ಣ ತಮ್ಮಂದಿರೇ.

ಪೂರ್ತಿ ಬಲಿತ, ಒಳಗೆ ಗಾಢ ಬಣ್ಣದ ಹೋಳು ಕೇಳಿ ತನ್ನಿ. ನೀರಿನಲ್ಲಿ ಮುಳುಗಿಸಿ ಬೇಯಿಸಬೇಡಿ. ಕುಕ್ಕರ್ ಡಬ್ಬಿಯಲ್ಲಿ ನೀರು ಹಾಕದೆ ಹೋಳಿಟ್ಟು ಎರಡು ವಿಷಲ್ ಕೂಗಿಸಿ. ಆಮೇಲೆ ತೆಳು ಬಟ್ಟೆಯಲ್ಲಿ ಅರ್ಧ ಗಂಟೆ ತೂಗುಹಾಕಿ, ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ. ಬಂದ ನೀರು ಸಾರಿಗೆ ಹಾಕಿ. ಉಳಿದದ್ದನ್ನು ಬಾಣಲೆಗೆ.

ಪ್ರಶ್ನೆ (ಹುಬ್ಬಳ್ಳಿ):

ಬಾದಾಮಿ ಬದಲು ಶೇಂಗಾ ಪುಡಿ ಹಾಕಿದ್ರ ಏನಾಗ್ತದ್ರೀ? ನಮ್ಮ ಮನ್ಯಾಗ ಶೇಂಗಾ ಇಲ್ಲದ ದಿನಾ ಇಲ್ಲ. ತುಪ್ಪನೂ ಬ್ಯಾಡೇನ್ರೀ?

ಉತ್ತರ:

ಉಂಡೆ ಚೆನ್ನಾಗೇ ಆಗುತ್ತದೆ ರೀ, ಆದರೆ ಪ್ಯಾಲಿಯೋ ಅನ್ನುವ ಹೆಸರು ಹೋಗುತ್ತದೆ. ಶೇಂಗಾ ಬೇಳೆಕಾಳಿನ ಜಾತಿ, ತೊಗರಿ ಕಡಲೆಯ ನೆಂಟ. ಹುರಿಗಡಲೆ, ರಾಗಿ ಹುರಿಹಿಟ್ಟು ಕೂಡ ಇದೇ ಸಾಲಿಗೆ. ಗೋಡಂಬಿ, ಅಕ್ರೋಟು, ಎಳ್ಳು, ಕುಂಬಳ ಬೀಜ ನಡೆಯುತ್ತವೆ. ತುಪ್ಪದ ಬಗ್ಗೆ ಅವರಲ್ಲೇ ಜಗಳ ಇದೆ, ಹಾಲಿನದು ಅಂತ ಕೆಲವರು ಬಿಡುತ್ತಾರೆ, ಹಾಲಿನ ಅಂಶ ಕಾಯಿಸಿ ತೆಗೆದದ್ದಲ್ಲವಾ ಅಂತ ಕೆಲವರು ತಿನ್ನುತ್ತಾರೆ.

ನನ್ನನ್ನು ಕೇಳಿದರೆ ಈ ಗಡಿಗಳನ್ನು ತೀರಾ ಗಂಭೀರವಾಗಿ ತೆಗೆದುಕೊಳ್ಳಬೇಡಿ. 1985ರಲ್ಲಿ ಈಟನ್ ಮತ್ತು ಕಾನರ್ ಅನ್ನುವ ಇಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಳೆ ಶಿಲಾಯುಗದವರ ಊಟದ ಬಗ್ಗೆ ಬರೆದ ಮೇಲೆ ಈ ವಿಚಾರಕ್ಕೆ ಬಲ ಬಂತು. ಆದರೆ ಕುಂಬಳಕಾಯಿಯ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಅದು ಈ ಕಡೆ ಬಂತು. ನಮ್ಮ ಶಿಲಾಯುಗದ ಹಿರಿಯರು ಕುಂಬಳಕಾಯಿ ಕಣ್ಣಲ್ಲೂ ನೋಡಿರಲಿಲ್ಲ. ಆದರೂ ಪ್ಯಾಲಿಯೋದವರು ತಿನ್ನುತ್ತಾರೆ ಅಲ್ವಾ? ಧಾನ್ಯ ಅಲ್ಲ, ಬೇಳೆ ಅಲ್ಲ, ಹಾಲಿನದಲ್ಲ, ಅಷ್ಟೇ ಲೆಕ್ಕ.

ಪ್ರಶ್ನೆ (ಟೊರೊಂಟೊ):

ಮಗಳ ಶಾಲೆಯಲ್ಲಿ ಬಾದಾಮಿ ಗೋಡಂಬಿ ಏನೂ ತರುವ ಹಾಗಿಲ್ಲ. ಇನ್ನೊಂದು, ಹ್ಯಾಲೋವೀನ್‌ಗೆ ಕೊರೆದ ಕುಂಬಳಕಾಯಿ ಬಾಗಿಲಲ್ಲೇ ಕೂತಿದೆ, ಅದರಲ್ಲೇ ಮಾಡಿಬಿಡಲಾ?

ಉತ್ತರ:

ಅಯ್ಯೋ, ಅದನ್ನು ಗೊಬ್ಬರಕ್ಕೆ ಹಾಕಿ. ಕೊರೆದು, ದೀಪ ಇಟ್ಟು, ದಿನಗಟ್ಟಲೆ ಹೊರಗಿದ್ದದ್ದು ತಿನ್ನಬಾರದು. ಕೊರೆಯದೆ ಇದ್ದರೂ ಆ ತಳಿ ನೀರು ನೀರು, ನಾರು ನಾರು.

ಬಾದಾಮಿ ಬದಲು ಸೂರ್ಯಕಾಂತಿ ಬೀಜ ಮತ್ತು ಕುಂಬಳ ಬೀಜ ಸಮ ಸಮ ಹುರಿದು ಪುಡಿ ಮಾಡಿ. ಬಣ್ಣ ಸ್ವಲ್ಪ ಮಬ್ಬು, ರುಚಿಗೆ ಮೋಸ ಇಲ್ಲ. ಕೊಬ್ಬರಿಗೆ ಶಾಲೆಯ ನಿಯಮ ಏನು ಅಂತ ಮೊದಲೇ ಕೇಳಿ. ಮಿಕ್ಸಿಯಲ್ಲಿ ಹಿಂದೆ ಬಾದಾಮಿ ಪುಡಿ ಮಾಡಿದ್ದರೆ ಚೆನ್ನಾಗಿ ತೊಳೆಯಿರಿ, ಬೇರೆ ಮಗುವಿನ ಅಲರ್ಜಿಗೆ ಚೂರು ಸಾಕು. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಜೇನುತುಪ್ಪ ಹಾಕಿದ್ದನ್ನು ಅದರ ಬಾಯಿಗೆ ಮುಟ್ಟಿಸಲೇಬೇಡಿ.

ಡಲ್ಲಾಸ್‌ನಿಂದ ಮತ್ತೆ:

ಮೇಡಂ, ಮಾಡಿದೆ! ಬಾಣಲೆಗೆ ಹಾಕಲು ಹೊಸ ಟಿನ್ ತರಲು ಇವರನ್ನು ಕಳಿಸಿದರೆ ಪೈ ಮಿಕ್ಸ್ ತಂದಿದ್ದರು, ಹಿಂದೆ ತಿರುಗಿಸಿ ಓದಿದರೆ ಸಕ್ಕರೆ. ಎರಡೂ ಟಿನ್ ನೋಡಲು ಒಂದೇ ಥರ, ಪಕ್ಕಪಕ್ಕದಲ್ಲೇ ಇಡುತ್ತಾರೆ. ವಾಪಸ್ ಓಡಿಸಿದೆ. ಉಂಡೆ 19 ಆದವು, ಒಂದು ಕಟ್ಟುವಾಗಲೇ ಅತ್ತೆ ಬಾಯಿಗೆ ಹೋಯಿತು. “ಗಾರಿಗೆ ಅಲ್ಲ, ಆದರೂ ಪರವಾಗಿಲ್ಲ” ಅಂದರು. ಇವರು ದಿನಕ್ಕೆ ಎರಡು ಮೊಟ್ಟೆ ಅಷ್ಟೇ ತಿನ್ನುವುದು. ಉಂಡೆ ಎಷ್ಟು ದಿನ ಇರುತ್ತದೆ? ಮಿಕ್ಕ ಪ್ಯೂರಿ ಏನು ಮಾಡಲಿ?

ಉತ್ತರ:

ಉಂಡೆ ಫ್ರಿಜ್‌ನಲ್ಲಿ ನಾಲ್ಕು ದಿನ. ಕುಂಬಳದಲ್ಲಿ ಇನ್ನೂ ನೀರಿನ ಪಸೆ ಇದೆ, ಸಕ್ಕರೆ ಪಾಕದ ಉಂಡೆ ಹಾಗೆ ಹೊರಗಿಟ್ಟು ತಿನ್ನುವಂಥದ್ದಲ್ಲ. ಫ್ರೀಜರ್‌ನಲ್ಲಿ ಎರಡು ತಿಂಗಳು ಇಡಬಹುದು. ಪ್ಯೂರಿಯನ್ನು ತೆರೆದ ಟಿನ್‌ನಲ್ಲೇ ಬಿಡಬೇಡಿ, ಗಾಜಿನ ಡಬ್ಬಿಗೆ ಹಾಕಿ ನಾಲ್ಕು ದಿನದೊಳಗೆ ಖಾಲಿ ಮಾಡಿ, ಇಲ್ಲವೇ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ತೆಗೆದಿಡಿ. ತೆಂಗಿನ ಹಾಲು, ಚಿಯಾ ಬೀಜ, ದಾಲ್ಚಿನ್ನಿ ಜೊತೆ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆಗೆ ಪಾಯಸದ ಹಾಗೆ ಆಗುತ್ತದೆ.

ಎರಡು ಮೊಟ್ಟೆ ಅಂದರೆ 12-13 ಗ್ರಾಂ ಪ್ರೋಟೀನ್, ಯಾತಕ್ಕೂ ಸಾಲದು. ಅವರ ತೂಕ ಎಷ್ಟು, ಮೂರು ಹೊತ್ತು ಏನೇನು ತಿನ್ನುತ್ತಾರೆ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಹಬ್ಬ ಮುಗಿಯಲಿ, ಕೂತು ನೋಡೋಣ.