ಸೆಂಟ್‌ಒಎಸ್ 7 ಬಿಡಬೇಕು: ಸಂಘದ ಸರ್ವರ್‌ಗೆ ಆಲ್ಮಾನಾ, ರಾಕಿನಾ?

ಅಡಿಕೆಸೀಮೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘ. ಅಡಿಕೆ ತೂಕ, ಸದಸ್ಯರ ಖಾತೆ, ಸಾಲದ ಲೆಕ್ಕ, ಗೊಬ್ಬರದ ಬಿಲ್ಲು ಎಲ್ಲ ಒಂದೇ ಸರ್ವರ್ ಮೇಲೆ ನಡೆಯುತ್ತದೆ. ನಾನು ಗುಮಾಸ್ತ. ಸ್ವಲ್ಪ ಕಂಪ್ಯೂಟರ್ ಗೊತ್ತು ಅಂತ ಸರ್ವರ್ ಕೂಡ ನನ್ನ ತಲೆಗೇ ಬಿದ್ದಿದೆ. ಅದರಲ್ಲಿರುವುದು ಸೆಂಟ್‌ಒಎಸ್ 7 ಅನ್ನುವ ಪುಕ್ಕಟೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟ ಹುಡುಗ ಈಗ ಬೆಂಗಳೂರಲ್ಲಿದ್ದಾನೆ. ಫೋನ್ ಮಾಡಿದರೆ "ಭಾನುವಾರ ನೋಡ್ತೀನಿ ಅಣ್ಣ" ಅನ್ನುತ್ತಾನೆ. ಯಾವ ಭಾನುವಾರ ಅಂತ ಹೇಳುವುದಿಲ್ಲ.

ಈಗ ಪ್ಯಾಕೇಜ್ ತರಿಸುವ ಯಮ್ ಕಮಾಂಡ್‌ನಲ್ಲಿ ಅಪ್‌ಡೇಟ್ ಕೊಟ್ಟರೆ, ಪ್ಯಾಕೇಜುಗಳಿರುವ ಬೇಸ್ ರೆಪೊದ ವಿಳಾಸವೇ ಸಿಗುತ್ತಿಲ್ಲ ಅನ್ನುತ್ತದೆ. ನೆಟ್ ಸರಿಯಾಗಿದೆ. ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಸಿಸ್ಟಮ್ ಇಟ್ಟುಕೊಂಡಿದ್ದೀರಿ ಅಂತ ಆಡಿಟ್‌ನವರೂ ಬರೆದು ಹೋಗಿದ್ದಾರೆ. ಹಾರ್ಡ್‌ವೇರ್ ಅಂಗಡಿಯವರು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಸಬ್‌ಸ್ಕ್ರಿಪ್ಷನ್‌ಗೆ ಕೊಟೇಷನ್ ಕೊಟ್ಟರು. ವರ್ಷ ವರ್ಷ ಕಟ್ಟಬೇಕು. ನಾನು ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಅಂತ ಪುಕ್ಕಟೆ ಸಿಗುತ್ತವೆ ಅಂದೆ. ಅದಕ್ಕೆ ಅಧ್ಯಕ್ಷರು, "ಹಿಂದಿನದೂ ಪುಕ್ಕಟೆನೇ ಅಲ್ವಾ? ನಿಂತೋಯ್ತಲ್ಲ. ಇದು ನಿಲ್ಲಲ್ಲ ಅಂತ ಯಾರು ಬರೆದುಕೊಡ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಏನು ಹೇಳಲಿ? ಎರಡರಲ್ಲಿ ಯಾವುದು ಹಾಕಲಿ?

ಟರ್ಮಿನಲ್_ತಿಮ್ಮ:

ಮೊದಲು ಯಮ್ ವಿಷಯ. ಸೆಂಟ್‌ಒಎಸ್ 7 ಮುಗಿದದ್ದು 2024ರ ಜೂನ್ 30ಕ್ಕೆ. ಆಮೇಲೆ ಮಿರರ್ (ಪ್ಯಾಕೇಜುಗಳ ನಕಲು ಇಟ್ಟ ಸರ್ವರ್) ಪಟ್ಟಿ ಕೊಡುತ್ತಿದ್ದ ಸರ್ವರನ್ನೇ ತೆಗೆದುಬಿಟ್ಟರು. ಹಳೇ ಪ್ಯಾಕೇಜುಗಳೆಲ್ಲ ವಾಲ್ಟ್ ಅನ್ನುವ ಜಾಗದಲ್ಲಿವೆ. ರೆಪೊ ಫೈಲಿನಲ್ಲಿ ಮಿರರ್‌ಲಿಸ್ಟ್ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಅದನ್ನು ನಿಲ್ಲಿಸಿ, ಬೇಸ್‌ಯುಆರ್‌ಎಲ್ ಸಾಲನ್ನು ವಾಲ್ಟ್ ಕಡೆ ತಿರುಗಿಸಿ. ಯಮ್ ಮತ್ತೆ ಓಡುತ್ತದೆ. ಆದರೆ ಹೊಸದಾಗಿ ಏನೂ ಬರುವುದಿಲ್ಲ. ಸ್ಥಳಾಂತರಕ್ಕೆ ಬೇಕಾದ ಪ್ಯಾಕೇಜ್ ಎಳೆದುಕೊಳ್ಳಲು ಸಾಕು, ಅಷ್ಟೇ. ಆಡಿಟ್‌ನವರ ಬಾಯಿ ಇದರಿಂದ ಮುಚ್ಚಲ್ಲ.

ಹಳೇ_ಪೆಂಗ್ವಿನ್:

ನಿಮ್ಮ ಅಧ್ಯಕ್ಷರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಸರ್ವರ್ ರೂಮಲ್ಲಿ ಕೂದಲು ನೆರೆಸಿಕೊಂಡ ಎಷ್ಟೋ ಜನ ಅದನ್ನು ಕೇಳದೆ ಸುಮ್ನೆ ಇನ್‌ಸ್ಟಾಲ್ ಮಾಡುತ್ತಾರೆ.

ನಿಲ್ಲಲ್ಲ ಅಂತ ಯಾರೂ ಬರೆದುಕೊಡಲ್ಲ. ಅವರಿಗೆ ಹಿಂದೆ ಆದದ್ದನ್ನು ಹೇಳಿ. ಸೆಂಟ್‌ಒಎಸ್ 2004ರಲ್ಲಿ ಸಮುದಾಯದವರು ಕಟ್ಟಿದ್ದು. ರೆಡ್ ಹ್ಯಾಟ್ ಬಹಿರಂಗವಾಗಿ ಕೊಡುತ್ತಿದ್ದ ಸೋರ್ಸ್ ಕೋಡ್ ತೆಗೆದುಕೊಂಡು, ಅವರ ಹೆಸರು, ಲೋಗೊ ತೆಗೆದು, ಮತ್ತೆ ಬಿಲ್ಡ್ ಮಾಡಿ ಹಂಚುತ್ತಿದ್ದರು. 2014ರಲ್ಲಿ ಆ ಯೋಜನೆಯೇ ರೆಡ್ ಹ್ಯಾಟ್ ಒಳಗೆ ಹೋಯಿತು. ಆವಾಗ ಎಲ್ಲರೂ ಖುಷಿಪಟ್ಟರು, ಸಂಬಳ ಕೊಡುವವರು ಸಿಕ್ಕರಲ್ಲ ಅಂತ. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2029ರವರೆಗೆ ಇರಬೇಕಿದ್ದ ಸೆಂಟ್‌ಒಎಸ್ 8 ಮುಂದಿನ ವರ್ಷದ ಕೊನೆಗೇ ಮುಗಿಯುತ್ತದೆ, ಇನ್ನು ಮೇಲೆ ಸೆಂಟ್‌ಒಎಸ್ ಸ್ಟ್ರೀಮ್ ಮಾತ್ರ. ಸ್ಟ್ರೀಮ್ ಅಂದರೆ ರೆಡ್ ಹ್ಯಾಟ್‌ನ ಮುಂದಿನ ಬಿಡುಗಡೆಗೆ ಹೋಗಬೇಕಾದ ಬದಲಾವಣೆಗಳು ಮೊದಲೇ ಬಂದು ಸೇರುವ ಜಾಗ. ಕೆಟ್ಟದ್ದೇನಲ್ಲ, ಆದರೆ ಜನ ನಂಬಿಕೊಂಡಿದ್ದ ಸರಕು ಅದಲ್ಲ. ನಿಮ್ಮ 7ರ ಗಡುವನ್ನು ಮಾತ್ರ ಮುಟ್ಟಲಿಲ್ಲ. ಅದು ಹೇಳಿದ ದಿನಕ್ಕೇ ಮುಗಿದಿದೆ.

ಮುಂದಿನದ್ದು ನೋಡಿ. ಸೆಂಟ್‌ಒಎಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಕೂಡಲೇ ರಾಕಿ ಶುರುಮಾಡಿದರು. ತೀರಿಹೋದ ತಮ್ಮ ಹಳೆಯ ಜೊತೆಗಾರ ರಾಕಿ ಮೆಕ್‌ಗಾ ಹೆಸರನ್ನೇ ಇಟ್ಟರು. ಕ್ಲೌಡ್‌ಲಿನಕ್ಸ್ ಕಂಪನಿ ಆಲ್ಮಾ ಶುರುಮಾಡಿ ಆಮೇಲೆ ಅದನ್ನು ಲಾಭರಹಿತ ಫೌಂಡೇಶನ್‌ಗೆ ಒಪ್ಪಿಸಿತು. ಆಲ್ಮಾ 2021ರ ಮಾರ್ಚ್ 30ಕ್ಕೆ ಬಂತು, ರಾಕಿ ಜೂನ್ 21ಕ್ಕೆ. ಸೆಂಟ್‌ಒಎಸ್ 8 ಸಾಯುವ ಮೊದಲೇ ಎರಡು ಮನೆ ರೆಡಿ. 8ರಲ್ಲಿದ್ದವರು ಒಂದು ಸ್ಕ್ರಿಪ್ಟ್ ಓಡಿಸಿ, ಮತ್ತೆ ಇನ್‌ಸ್ಟಾಲ್ ಮಾಡದೆ ಅದೇ ಡಿಸ್ಕ್ ಮೇಲೆ ದಾಟಿಕೊಂಡರು. ಅಧ್ಯಕ್ಷರಿಗೆ ಇದನ್ನೇ ಹೇಳಿ: ನಾಳೆ ಆಲ್ಮಾ ನಿಂತರೆ ರಾಕಿಗೆ ಹೋಗಬಹುದು, ರಾಕಿ ನಿಂತರೆ ಆಲ್ಮಾಗೆ. ನಮ್ಮ ಡೇಟಾ, ನಮ್ಮ ಪ್ರೋಗ್ರಾಂ ಎರಡರಲ್ಲೂ ಓಡುತ್ತದೆ.

ಒಂದು ಕಹಿ ಮಾತೂ ಹೇಳಬೇಕು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಸೋರ್ಸ್ ಬಹಿರಂಗವಾಗಿ ಹಾಕುವುದನ್ನು ನಿಲ್ಲಿಸಿತು. ಬಹಿರಂಗವಾಗಿ ಉಳಿದದ್ದು ಸ್ಟ್ರೀಮ್ ಒಂದೇ. ಆಗ ಇಬ್ಬರ ದಾರಿ ಬೇರೆಯಾಯಿತು. ರಾಕಿಯವರು ರೆಡ್ ಹ್ಯಾಟ್‌ನ ಬಹಿರಂಗ ಕಂಟೇನರ್ ಇಮೇಜ್, ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಯಂತ್ರ ಇಂಥ ಕಡೆಗಳಿಂದ ಸೋರ್ಸ್ ಪಡೆದು ತದ್ರೂಪವನ್ನೇ ಮುಂದುವರಿಸಿದರು. ಆಲ್ಮಾದವರು "ತದ್ರೂಪದ ಹಟ ಬೇಡ, ರೆಡ್ ಹ್ಯಾಟ್ ಮೇಲೆ ಓಡುವ ಪ್ರೋಗ್ರಾಂ ನಮ್ಮ ಮೇಲೂ ಓಡಿದರೆ ಸಾಕು" ಅಂತ ತೀರ್ಮಾನಿಸಿದರು.

ನನಗೆ ಇಷ್ಟ ಆಲ್ಮಾ. ತದ್ರೂಪ ಬಿಟ್ಟಿದ್ದರಿಂದ ಅವರ ಕೈ ಸ್ವಲ್ಪ ಬಿಡುವಾಯಿತು. ರೆಡ್ ಹ್ಯಾಟ್ ಕೈಬಿಟ್ಟಿದ್ದ ಡಿಸ್ಕುಗಳನ್ನು ಜೋಡಿಸುವ ಹಳೇ ರೇಡ್ ಕಾರ್ಡುಗಳ ಡ್ರೈವರ್‌ಗಳಲ್ಲಿ ಕೆಲವನ್ನು ಆಲ್ಮಾ 9.4ರಲ್ಲಿ ವಾಪಸ್ ಸೇರಿಸಿದರು. ನಮ್ಮಂಥ ಕಡೆ, ಹತ್ತು ವರ್ಷದ ಸರ್ವರನ್ನು ಇನ್ನೂ ಒರೆಸಿ ಇಟ್ಟುಕೊಳ್ಳುವ ಕಡೆ, ಅದು ದೊಡ್ಡ ಉಪಕಾರ. ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ದೊಡ್ಡವರ ಸಾಕ್ಷಿ ಬೇಕಿದ್ದರೆ, 2022ರ ಡಿಸೆಂಬರ್‌ನಲ್ಲಿ ಸರ್ನ್ ಮತ್ತು ಫರ್ಮಿಲ್ಯಾಬ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯಗಳು ತಮ್ಮ ಪ್ರಯೋಗಗಳಿಗೆ ಆಲ್ಮಾವನ್ನೇ ಶಿಫಾರಸು ಮಾಡಿವೆ. ಹಿಂದೆ ಅವರದ್ದೇ ಸೈಂಟಿಫಿಕ್ ಲಿನಕ್ಸ್ ಇತ್ತು.

ಇವುಗಳ 10ನೇ ಆವೃತ್ತಿಗೆ ಹಾರುವ ಮೊದಲು, ಪ್ರೊಸೆಸರ್ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟು ಫ್ಲಾಗ್ಸ್ ಸಾಲಿನಲ್ಲಿ ಎವಿಎಕ್ಸ್2 ಅನ್ನುವ ಸೌಲಭ್ಯ ಇದೆಯಾ ನೋಡಿ ಹೇಳಿ.

ಡೆಬಿಯನ್_ಭಟ್ಟರು:

ಆಲ್ಮಾ, ರಾಕಿ ಎರಡೂ ಕೊನೆಗೆ ಒಂದೇ ಕಂಪನಿಯ ಕೋಡಿಗೆ ಜೋತುಬಿದ್ದಿವೆ. ಅಧ್ಯಕ್ಷರ ಪ್ರಶ್ನೆಗೆ ನೇರ ಉತ್ತರ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್. 1993ರಿಂದ ನಡೆದಿದೆ, ಮಾಲೀಕ ಕಂಪನಿ ಅಂತ ಯಾವುದೂ ಇಲ್ಲ. ಮುಖಂಡರನ್ನು ಡೆವಲಪರ್‌ಗಳೇ ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ಸಹಕಾರ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಳೇ_ಪೆಂಗ್ವಿನ್:

ಭಟ್ರೇ, ಹೊಸದಾಗಿ ಶುರುಮಾಡುವುದಾದರೆ ನಾನೂ ಡೆಬಿಯನ್ ಅಂತಲೇ ಅಂತಿದ್ದೆ. ಆದರೆ ಇವರಿಗೆ ಯಮ್, ಫೈರ್‌ವಾಲ್‌ಡಿ, ಎಸ್‌ಇಲಿನಕ್ಸ್ ಥರದ ರೆಡ್ ಹ್ಯಾಟ್ ಕಡೆಯ ಸಲಕರಣೆಗಳು ಕೈಗೆ ಹತ್ತಿವೆ. ಒಬ್ಬರೇ ಗುಮಾಸ್ತರು, ತೂಕದ ಸೀಸನ್ ಬೇರೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಅನ್ನಲು ನನಗೆ ಧೈರ್ಯ ಇಲ್ಲ.

ಅಡಿಕೆಸೀಮೆ:

ತುಂಬಾ ಉಪಕಾರ. ಪ್ರೊಸೆಸರ್ ಝಿಯಾನ್ ಇ5, ವಿ2. ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಆಫೀಸಿನ ಹಳೇ ಪಿಸಿ ಒಂದಕ್ಕೆ ಆಲ್ಮಾ 9 ಹಾಕಿ, ಡೇಟಾಬೇಸಿನ ಡಂಪ್ (ಪೂರ್ತಿ ನಕಲಿನ ಫೈಲು) ತೆಗೆದು ಅಲ್ಲಿ ಇಳಿಸಿ ನೋಡಿದೆ. ಎರಡು ತೊಂದರೆ. ಒಂದು, ಪ್ರೋಗ್ರಾಂ ತೆರೆಯುವುದೇ ಇಲ್ಲ, ಮೈಎಸ್‌ಕ್ಯೂಎಲ್ ಕನೆಕ್ಟ್ ಅನ್ನುವ ಫಂಕ್ಷನ್ ಇಲ್ಲ ಅನ್ನುತ್ತದೆ. ಎರಡು, ಟೇಬಲ್ ತೆರೆದರೆ ಸದಸ್ಯರ ಕನ್ನಡ ಹೆಸರುಗಳೆಲ್ಲ ಎಂಥದೋ ರೋಮನ್ ಅಕ್ಷರ, ಮೇಲೆ ಕೆಳಗೆ ಗೀಟು ಚುಕ್ಕಿ. ಹಳೇ ಸರ್ವರ್‌ನಲ್ಲಿ ಸರಿಯಾಗೇ ಕಾಣುತ್ತವೆ.

ಹಳೇ_ಪೆಂಗ್ವಿನ್:

ಹಾಗಾದರೆ 9ರಲ್ಲೇ ಇರಿ. ಎವಿಎಕ್ಸ್2 ಇಲ್ಲದ್ದರಿಂದ ರಾಕಿ 10 ನಿಮ್ಮ ಯಂತ್ರದಲ್ಲಿ ಏಳುವುದೇ ಇಲ್ಲ. ಆಲ್ಮಾ 10ಕ್ಕೆ ಹಳೇ ಪ್ರೊಸೆಸರ್‌ಗಾಗಿ ಬೇರೆ ಬಿಲ್ಡ್ ಇದೆ, ಆದರೆ ನಿಮಗೆ ಆ ಗೋಜು ಬೇಡ. 9ಕ್ಕೆ 2032ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅಷ್ಟರಲ್ಲಿ ಸರ್ವರೇ ಬದಲಾಗುತ್ತದೆ.

ಆ ಮೈಎಸ್‌ಕ್ಯೂಎಲ್ ಕನೆಕ್ಟ್ ಫಂಕ್ಷನ್, ನಿಮ್ಮ ಪ್ರೋಗ್ರಾಂ ಬರೆದಿರುವ ಭಾಷೆ ಪಿಎಚ್‌ಪಿಯ 7ನೇ ಆವೃತ್ತಿಯಲ್ಲೇ ಹೋಯಿತು. ನಿಮ್ಮ ಸೆಂಟ್‌ಒಎಸ್ 7ರಲ್ಲಿದ್ದದ್ದು ಪಿಎಚ್‌ಪಿ 5.4, ಆಲ್ಮಾ 9ರಲ್ಲಿ ಪಿಎಚ್‌ಪಿ 8. ಪ್ರೋಗ್ರಾಂ ತಿದ್ದಿಸಲೇಬೇಕು, ಬೆಂಗಳೂರಿನ ತಮ್ಮನಿಗೆ ಇದೊಂದು ಭಾನುವಾರ ಸಾಕಾಗಲ್ಲ ಅಂತ ಹೇಳಿ. ಅಲ್ಲಿವರೆಗೆ ಹಳೇ ಪಿಎಚ್‌ಪಿಯನ್ನು ಪಾಡ್‌ಮ್ಯಾನ್ ಕಂಟೇನರ್ (ಉಳಿದ ಸಿಸ್ಟಮ್‌ನಿಂದ ಬೇರೆ ಮಾಡಿದ ಡಬ್ಬಿ) ಒಳಗೆ ಇಟ್ಟು, ಆಫೀಸ್ ನೆಟ್‌ವರ್ಕ್‌ಗೆ ಮಾತ್ರ ತೆರೆದಿಡಿ.

ಹೆಸರಿನ ವಿಷಯ: ಟೇಬಲ್ ಲ್ಯಾಟಿನ್1 (ರೋಮನ್ ಅಕ್ಷರಗಳ ಸಂಕೇತ ಪದ್ಧತಿ) ಅಂತ ಮಾಡಿ, ಅದರೊಳಗೆ ಕನ್ನಡವನ್ನೂ ಬರೆಯುವ ಯುಟಿಎಫ್-8 ಪದ್ಧತಿಯ ಬೈಟ್‌ಗಳನ್ನು ಹಾಗೇ ತುರುಕಿದ್ದಾರೆ ಅನ್ನಿಸುತ್ತದೆ. ಆಗಿನ ಕಾಲದ ಪ್ರೋಗ್ರಾಂಗಳಲ್ಲಿ ಇದು ಮಾಮೂಲು. ಡಂಪ್ ತೆಗೆಯುವಾಗ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅಂತಲೇ ಹೇಳಿ ತೆಗೆಯಿರಿ. ಆಮೇಲೆ ಡಂಪ್ ಫೈಲಿನಲ್ಲಿ ಲ್ಯಾಟಿನ್1 ಅಂತ ಇರುವ ಸೆಟ್ ನೇಮ್ಸ್ ಸಾಲು ಮತ್ತು ಟೇಬಲ್ ಸಾಲುಗಳನ್ನು ಯುಟಿಎಫ್8ಎಂಬಿ4 (ಡೇಟಾಬೇಸ್‌ನಲ್ಲಿ ಯುಟಿಎಫ್-8ರ ಹೆಸರು) ಮಾಡಿ ಇಳಿಸಿ. ಹೆಸರುಗಳು ಬರುತ್ತವೆ.

ಇಳಿಸುವಾಗ ಕೆಲವು ಸಾಲಿಗೆ ಎರರ್ ಬಂದು ನಿಂತರೆ ಗಾಬರಿ ಬೇಡ. ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತಕ್ಕೂ, ಒತ್ತಿನ ಕೊಂಡಿಗೂ ಮೂರು ಬೈಟ್. ಲಕ್ಷ್ಮೀನಾರಾಯಣಪ್ಪ ಅಂತ ಬರೆದರೆ ಅದೊಂದೇ 48 ಬೈಟ್. ಕಾಲಂ 50 ಇದ್ದರೆ ಇನಿಷಿಯಲ್‌ಗೆ ಜಾಗ ಇಲ್ಲ. ಹಳೇ ಡೇಟಾಬೇಸ್ ಉದ್ದದ ಹೆಸರನ್ನು ಬಾಯಿಮುಚ್ಚಿಕೊಂಡು ಕತ್ತರಿಸಿ ಹಾಕುತ್ತಿತ್ತು. ಹೊಸ ಡೇಟಾಬೇಸ್ ಮರಿಯಾಡಿಬಿ ಹಾಗೆ ತುಂಡಾದ ಅಕ್ಷರ ಕಂಡರೆ ಒಪ್ಪುವುದಿಲ್ಲ. ಆ ಸಾಲುಗಳನ್ನು ಬರೆದಿಟ್ಟುಕೊಂಡು ಸದಸ್ಯರ ರಿಜಿಸ್ಟರ್ ನೋಡಿ ತಿದ್ದಿ.

ಅಡಿಕೆಸೀಮೆ:

ಹೆಸರು ಬಂತು ಸರ್! ನೀವು ಹೇಳಿದ ಹಾಗೇ ಉದ್ದ ಹೆಸರಿನವರ ಹತ್ತಿರ ನಿಂತಿತು, ಹೆಚ್ಚಿನವರು ಒಂದೇ ಊರಿನವರು. ರಿಜಿಸ್ಟರ್ ತೆಗೆದು ಕೂತಿದ್ದೇನೆ.

ಮಾರ್ಚ್ ಲೆಕ್ಕ ಮುಗಿದ ಮೇಲೆ ಬದಲಿಸುವುದು ಅಂತ ತೀರ್ಮಾನವಾಗಿದೆ. ಹಳೇ ಸರ್ವರನ್ನು ಹೊರಗಿನ ನೆಟ್‌ನಿಂದ ತೆಗೆದಿದ್ದೇನೆ. ಅಧ್ಯಕ್ಷರು "ಎರಡು ಮನೆ" ಅಂದಿದ್ದಕ್ಕೆ ಒಪ್ಪಿದರು, ಆಲ್ಮಾ ಫೌಂಡೇಶನ್‌ಗೆ ಸಂಘದಿಂದ ಏನಾದರೂ ಕೊಡಬಹುದಾ ಅಂತಲೂ ಕೇಳಿದರು. ಬ್ಯಾಕಪ್‌ಗೆ ಎರಡನೇ ಡಿಸ್ಕ್ ಕೇಳಿದ್ದು ಮಾತ್ರ ಮುಂದಿನ ಸಭೆಗೆ ಹೋಯಿತು.