'ಅನಧಿಕೃತ ಬಳಕೆ'ಗೆ ಕಳ್ಳತನದ ವಾಸನೆ ಇಲ್ಲದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಮೀಟರ್ ಮನೆಯದೇ. ಒಂದು ತಿಂಗಳೂ ಕರೆಂಟ್ ಬಿಲ್ ಬಾಕಿ ಉಳಿಸಿಕೊಂಡವರಲ್ಲ. ಹೋದ ತಿಂಗಳು ತಪಾಸಣೆಗೆ ಬಂದವರು ನೋಟಿಸ್ ಕೊಟ್ಟು ಹೋದರು, ಅದರಲ್ಲಿ 'ವಿದ್ಯುಚ್ಛಕ್ತಿಯ ಅನಧಿಕೃತ ಬಳಕೆ' ಅಂತ ಇತ್ತು. ಸಂಜೆಯ ಹೊತ್ತಿಗೆ ಬೀದಿಯಲ್ಲೆಲ್ಲ 'ಕರೆಂಟ್ ಕದ್ದು ಸಿಕ್ಕಿಬಿದ್ದರಂತೆ' ಅನ್ನೋ ಮಾತು. ಚಿಕ್ಕಮ್ಮ ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ನನಗೆ ತುಂಬಾ ಸಂಕಟವಾಯಿತು, ಕಾಯ್ದೆಯನ್ನೇ ತೆಗೆದು ಓದಿದೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ. ಕಳ್ಳತನ ಇರುವುದು 135ನೇ ಸೆಕ್ಷನ್‌ನಲ್ಲಿ. ತಂತಿಗೆ ಕೊಕ್ಕೆ ಹಾಕುವುದು, ಮೀಟರ್ ಕೆಡಿಸುವುದು ಇಂಥವು, ಅದೂ ಬೇಕಂತಲೇ, ಮೋಸದ ಮನಸ್ಸಿನಿಂದ ಮಾಡಿದಾಗ. ಅದಕ್ಕೆ 3 ವರ್ಷದವರೆಗೆ ಜೈಲೂ ಆಗಬಹುದು. ಅನಧಿಕೃತ ಬಳಕೆ ಇರುವುದು 126ನೇ ಸೆಕ್ಷನ್‌ನಲ್ಲಿ, ಅದರ ದಾರಿಯೇ ಬೇರೆ. ಮನೆಗೆ ಅಂತ ಪಡೆದ ಕರೆಂಟನ್ನು ಅಂಗಡಿಗೆ ಬಳಸಿದರೆ, ಪಕ್ಕದ ಸೈಟಿಗೆ ಒಂದು ಲೈನ್ ಎಳೆದು ಕೊಟ್ಟರೆ ಅದು ಇಲ್ಲಿಗೆ ಬರುತ್ತದೆ. ಇಲ್ಲಿ ಜೈಲಿನ ಮಾತಿಲ್ಲ. ಅಧಿಕಾರಿ ಲೆಕ್ಕ ಹಾಕಿ ದರದ ಎರಡರಷ್ಟು ಕಟ್ಟಿ ಅನ್ನುತ್ತಾರೆ, ನಾವು ಆಕ್ಷೇಪಣೆ ಕೊಡಬಹುದು, ಕೊನೆಯ ಆದೇಶ ಬಂದ ಮೇಲೆ 30 ದಿನದೊಳಗೆ ಮೇಲ್ಮನವಿಗೂ ಹೋಗಬಹುದು. ಒಡಿಶಾದ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಮಂಜೂರಾದ ಲೋಡಿಗಿಂತ ಜಾಸ್ತಿ ಎಳೆದರೆ ಅದು 126ಕ್ಕೆ ಬರುತ್ತದೆ, ಕಳ್ಳತನ ಅನ್ನಬೇಕಾದರೆ ಮೋಸದ ಉದ್ದೇಶ ಇರಲೇಬೇಕು ಅಂತ.

ಕಾನೂನು ಇಷ್ಟು ಸ್ಪಷ್ಟವಾಗಿದೆ, ತೊಡಕು ಇರುವುದು ನಮ್ಮ ಪದದಲ್ಲಿ. 'ಅನಧಿಕೃತ' ಅಂದ ಕೂಡಲೇ ನಮಗೆ ನೆನಪಾಗುವುದು ಅನಧಿಕೃತ ಕಟ್ಟಡ, ಅನಧಿಕೃತ ಮದ್ಯ ಮಾರಾಟ. ಬರವಣಿಗೆಯಲ್ಲಿ ಅದು 'ಅಧಿಕಾರ ಪಡೆಯದ' ಅಂತ ಅಷ್ಟೇ ಇದ್ದರೂ ಕಿವಿಗೆ ಬೀಳುವುದು 'ಅಕ್ರಮ' ಅಂತಲೇ, ಅಲ್ವಾ?

ನಾನು ಯೋಚಿಸಿದ ಪದಗಳನ್ನು ಹೇಳ್ತೀನಿ. 'ಮಂಜೂರಾತಿ ಮೀರಿದ ಬಳಕೆ' ನನಗೆ ಇಷ್ಟ. ಆದರೆ 'ಮೀರಿದ' ಅಂದರೆ ಪ್ರಮಾಣದಲ್ಲಿ ಜಾಸ್ತಿ ಅನ್ನುವ ಅರ್ಥವೇ ಮೊದಲು ಬರುತ್ತದೆ. ಚಿಕ್ಕಮ್ಮ ಪ್ರಮಾಣ ಮೀರಿಲ್ಲ, ಉದ್ದೇಶ ಬದಲಾಗಿದೆ ಅಷ್ಟೆ. 'ಒಪ್ಪಿಗೆ ಇಲ್ಲದ ಬಳಕೆ' ಅಂದರೆ ಇನ್ನೂ ಕೆಟ್ಟದು, ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವುದನ್ನೇ ಅಲ್ಲವೇ ನಾವು ಕದಿಯುವುದು ಅನ್ನೋದು. 'ಕರಾರಿಗೆ ಹೊರತಾದ ಬಳಕೆ' ಹೇಗಿದೆ? ಇದು ಉದ್ದೇಶ, ಜಾಗ, ಲೋಡ್ ಮೂರಕ್ಕೂ ಹೊಂದುತ್ತದೆ ಅನ್ನಿಸುತ್ತದೆ. ಒಂದೇ ಅಡ್ಡಿ, 126ರೊಳಗೆ ಕೆಡಿಸಿದ ಮೀಟರಿನ ಮೂಲಕ ಬಳಸುವುದೂ ಸೇರಿದೆ. ಅದಕ್ಕೆ ಈ ಪದ ತೀರಾ ಮೆತ್ತಗಾಯಿತೇನೋ.

ಇನ್ನೊಂದು, ಈ ಎರಡರಷ್ಟು ಮೊತ್ತವನ್ನು ಪತ್ರಿಕೆಗಳು 'ದಂಡ' ಅಂತ ಬರೆಯುತ್ತವೆ. ಕೋರ್ಟು ಹಾಕಿದ್ದಲ್ಲ ಅದು, ಅಧಿಕಾರಿ ಲೆಕ್ಕ ಕಟ್ಟಿದ ಶುಲ್ಕ. ತೆರಿಗೆಯಲ್ಲಿ 'ನಿರ್ಧರಣೆ' ಅನ್ನುತ್ತಾರಲ್ಲ, ಅದನ್ನೇ ಇಲ್ಲೂ ಬಳಸಬಹುದಾ? ಬಿಲ್ ಕಟ್ಟುವ ಜನಕ್ಕೆ ಅದು ಅರ್ಥವಾಗುತ್ತದಾ?

ನಿಮ್ಮ ಕಡೆ ಲೈನ್‌ಮನ್‌ಗಳು, ಮೀಟರ್ ಓದುವವರು ಇದಕ್ಕೆ ಏನಂತಾರೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಬರೆಯಿರಿ. ಚಿಕ್ಕಮ್ಮನ ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅದರ ಮೊದಲ ಸಾಲಿಗೇ ಈ ಪದ ಬೇಕು.