ಹ್ಯಾಂಡಿಕ್ಯಾಮ್ ತೆಗೆದುಕೊಳ್ಳಲೋ, ಫೋನೇ ಸಾಕೋ? ವಿಡಿಯೋ ಮಾಡುವವರಿಗೆ ಪ್ರಶ್ನೆ

ಪ್ರಶ್ನೆ (ಡೊಂಬಿವಲಿಯಿಂದ):

ನಮಸ್ಕಾರ ಅಣ್ಣ. ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ, ಮುಂದಿನ ವರ್ಷ ರಂಗಪ್ರವೇಶ. ಇವರಿಗೆ ಯಕ್ಷಗಾನದ ಹುಚ್ಚು. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬಯಿಗೆ ಬಂದರೆ ಒಂದು ಆಟವನ್ನೂ ಬಿಡುವವರಲ್ಲ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಅತ್ತೆ, ಮಾವ, ಹಳೇ ಮನೆ, ನಾಗನ ತಂಬಿಲ ಎಲ್ಲ ವಿಡಿಯೋ ಮಾಡಿ ಇಟ್ಟುಕೊಳ್ಳಬೇಕು ಅಂತ ನನಗೂ ಆಸೆ. ಅಂಗಡಿಯಲ್ಲಿ ಸೋನಿಯ ಸಿಎಕ್ಸ್405 ಹ್ಯಾಂಡಿಕ್ಯಾಮ್ ತೋರಿಸಿದರು. 30 ಪಟ್ಟು ಝೂಮ್, 9.2 ಮೆಗಾಪಿಕ್ಸೆಲ್ ಫೋಟೋ, "ಒಂದರಲ್ಲೇ ಎರಡೂ ಆಗ್ತದೆ, ಬೇರೆ ಕ್ಯಾಮೆರಾ ಯಾಕೆ" ಅಂದರು. ತೆಗೆದುಕೊಳ್ಳಬಹುದಾ? ನೋಡುವಾಗ ಏನೇನು ನೋಡಬೇಕು?

ಉತ್ತರ (ಮದುವೆ, ರಂಗಪ್ರವೇಶ, ಯಕ್ಷಗಾನದ ವಿಡಿಯೋ ಮಾಡುವವರು, ಅಂಧೇರಿ):

ನಮಸ್ಕಾರ ಅಕ್ಕ. ವಿಡಿಯೋಕ್ಕಾದರೆ ಯೋಚನೆ ಮಾಡಿ, ಫೋಟೋಕ್ಕಂತೂ ಬೇಡ. "ಒಂದರಲ್ಲೇ ಎರಡೂ" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ.

ಡಬ್ಬದ ಮೇಲೆ 9.2 ಮೆಗಾಪಿಕ್ಸೆಲ್ ಅಂತ ಬರೆದದ್ದು ಹೌದು. ಆದರೆ ಅದೇ ಕ್ಯಾಮೆರಾದ ವಿವರಣೆಯ ಹಾಳೆ ತೆಗೆದು ಓದಿ, ಬೆಳಕು ಹಿಡಿಯುವ ಸೆನ್ಸರಿನಲ್ಲಿ ಕೆಲಸಕ್ಕೆ ಬರುವ ಪಿಕ್ಸೆಲ್ ಸುಮಾರು 2.3 ಮೆಗಾಪಿಕ್ಸೆಲ್ ಮಾತ್ರ. ಉಳಿದದ್ದನ್ನು ಒಳಗಿನ ಚಿಪ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬಿಸುತ್ತದೆ. ಫೈಲ್ ದೊಡ್ಡದಾಗುತ್ತದೆ, ವಿವರ ಹೆಚ್ಚಾಗುವುದಿಲ್ಲ. ಸೆನ್ಸರಿನ ಅಳತೆ 1/5.8 ಇಂಚು, ಅಂದರೆ ಮೂಲೆಯಿಂದ ಮೂಲೆಗೆ ಒಂದು ಹೆಸರುಕಾಳಿನಷ್ಟು. ನಿಮ್ಮ ಕೈಯಲ್ಲಿರುವ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಇದಕ್ಕಿಂತ ಎಷ್ಟೋ ದೊಡ್ಡದು. ಮಗಳ ಫೋಟೋ ಫೋನಿನಲ್ಲೇ ತೆಗೆಯಿರಿ, ರಂಗಪ್ರವೇಶದ ದಿನಕ್ಕೆ ಫೋಟೋದವರನ್ನು ಬೇರೆಯೇ ಹೇಳಿ.

ಇನ್ನು ವಿಡಿಯೋ ವಿಷಯ. ಕ್ಯಾಮ್‌ಕಾರ್ಡರಿನ (ಹ್ಯಾಂಡಿಕ್ಯಾಮಿನಂಥ ವಿಡಿಯೋ ಕ್ಯಾಮೆರಾದ) ನಿಜವಾದ ಬಲ ಇರುವುದು ಮೂರರಲ್ಲಿ: ಗಾಜಿನ, ಅಂದರೆ ಆಪ್ಟಿಕಲ್ ಝೂಮ್, ತಡೆಯಿಲ್ಲದೆ ಗಂಟೆಗಟ್ಟಲೆ ಓಡುವ ರೆಕಾರ್ಡಿಂಗ್, ಮತ್ತೆ ಧ್ವನಿಗೆ ಸರಿಯಾದ ಜಾಗ. ಮೊದಲಿನ ಎರಡು ಸಿಎಕ್ಸ್405ರಲ್ಲಿ ಇವೆ. ಮೂರನೆಯದು ಇಲ್ಲ, ಅದಕ್ಕೆ ಹೊರಗಿನ ಮೈಕ್ ಚುಚ್ಚುವ ತೂತೇ ಇಲ್ಲ. ನಿಮ್ಮ ಮನೆಯ ಅಗತ್ಯ ನೋಡಿದರೆ ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ.

ಯಾಕೆ ಅಂತ ಹೇಳುತ್ತೇನೆ. ಆಟದಲ್ಲಿ ಚೆಂಡೆ ಬಿದ್ದ ಕೂಡಲೇ ಕ್ಯಾಮೆರಾ ತಾನಾಗಿ ಧ್ವನಿಯ ಮಟ್ಟ ಇಳಿಸುತ್ತದೆ. ಚೆಂಡೆ ನಿಂತು ವೇಷಧಾರಿ ಅರ್ಥ, ಅಂದರೆ ಮಾತುಗಾರಿಕೆ, ಶುರು ಮಾಡುತ್ತಾನೆ, ಮೊದಲ ಎರಡು ಮೂರು ಮಾತು ಪಾತಾಳದಿಂದ ಬಂದಂತೆ ಕೇಳುತ್ತದೆ, ಆಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಅಷ್ಟರಲ್ಲಿ ಮತ್ತೆ ಚೆಂಡೆ. ರಾತ್ರಿಯಿಡೀ ಇದೇ ಕತೆ. ಭರತನಾಟ್ಯದಲ್ಲೂ ಹಾಗೆಯೇ, ಗುರುಗಳು ತಾಳ ಹಾಕುವ ಕೋಲು, ತಟ್ಟುಕಳಿ, ಒಮ್ಮೆ ಜೋರಾಗಿ ಬಿದ್ದರೆ ಹಾಡುವವರ ದನಿ ಕುಸಿದುಬಿಡುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ಮನೆಯವರು ಸಹಿಸಿಕೊಳ್ಳುತ್ತಾರೆ, ಭಾಗವತರ ಪದ ಒಡೆದು ಕೇಳಿದರೆ ಯಾರೂ ಎರಡನೇ ಸಲ ಹಾಕುವುದಿಲ್ಲ. ಹಾಗಾಗಿ ಮೈಕ್ ತೂತು, ಹೆಡ್‌ಫೋನ್ ತೂತು, ಧ್ವನಿಯ ಮಟ್ಟವನ್ನು ಕೈಯಿಂದ ಹಿಡಿದಿಡುವ ಸೌಲಭ್ಯ, ಈ ಮೂರೂ ಇವೆಯಾ ಅಂತ ಮೊದಲು ಕೇಳಿ. ಮೆಗಾಪಿಕ್ಸೆಲ್ ಕಡೆಗೆ ಕೇಳಿದರೂ ಆದೀತು.

ಇನ್ನೊಂದು ದಾರಿ ಉಂಟು. ಸಣ್ಣ ಆಡಿಯೋ ರೆಕಾರ್ಡರ್ ಒಂದನ್ನು ಸ್ಪೀಕರಿನಿಂದ ಸ್ವಲ್ಪ ದೂರದಲ್ಲಿ, ಆದರೆ ಜನರ ಗದ್ದಲಕ್ಕಿಂತ ಮುಂದೆ ಇಟ್ಟು, ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ. ಮನೆಗೆ ಬಂದು ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಎರಡನ್ನೂ ಕೂಡಿಸಬಹುದು. ಸೌಂಡಿನವರ ಮಿಕ್ಸರಿನಿಂದ ನೇರ ವೈರ್ ಎಳೆದು ಕ್ಯಾಮೆರಾದ ಮೈಕ್ ತೂತಿಗೆ ಮಾತ್ರ ಹಾಕಬೇಡಿ. ಮಿಕ್ಸರಿನಿಂದ ಬರುವ ಲೈನ್ ಸಿಗ್ನಲ್ ಮೈಕಿನದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಜೋರು, ಇಡೀ ರೆಕಾರ್ಡಿಂಗ್ ಹರಿದು ಹೋಗುತ್ತದೆ. ನಡುವೆ ಮಟ್ಟ ತಗ್ಗಿಸುವ ಕೇಬಲ್ ಬೇಕು, ಅಥವಾ ಲೈನ್ ಇನ್‌ಪುಟ್ ಇರುವ ರೆಕಾರ್ಡರ್ ಬೇಕು.

ಝೂಮ್ ಬಗ್ಗೆ ಒಂದು ಮಾತು. "ಆಪ್ಟಿಕಲ್" ಅಂತ ಬರೆದ ಸಂಖ್ಯೆ ಮಾತ್ರ ಲೆಕ್ಕಕ್ಕೆ, ಡಿಜಿಟಲ್ ಝೂಮಿನ ದೊಡ್ಡ ಸಂಖ್ಯೆ ಚಿತ್ರವನ್ನು ಹಿಗ್ಗಿಸುವುದು ಅಷ್ಟೇ. ಇಂಥ ಲೆನ್ಸಿನ ಬಾಯಿ ಅಗಲ ಕೋನದಲ್ಲಿ ಎಫ್1.8 ಇದ್ದದ್ದು ಪೂರ್ತಿ ಎಳೆದಾಗ ಎಫ್4 ಆಗುತ್ತದೆ (ಈ ಸಂಖ್ಯೆ ದೊಡ್ಡದಾದಷ್ಟು ಬಾಯಿ ಕಿರಿದು). ಒಳಗೆ ಬರುವ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಝೂಮ್ ಎಳೆದವರ ವಿಡಿಯೋದಲ್ಲಿ ಕಪ್ಪು ಪರದೆ ತುಂಬ ಕಾಳು ಕಾಳು ಕುಣಿಯುವುದು ಇದರಿಂದಲೇ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಇದ್ದರೆ ಬೇಗ ಹೋಗಿ ನಡು ಸಾಲಿನ ಅಂಚು ಹಿಡಿಯಿರಿ, ಅರ್ಧ ಝೂಮ್ ಸಾಕಾಗುತ್ತದೆ. ಟ್ರೈಪಾಡ್ ಬೇಕೇ ಬೇಕು. ಕೈಯ ಅಲುಗಾಟ ತಗ್ಗಿಸುವ ಸ್ಟೆಡಿಶಾಟ್ ಎಷ್ಟೇ ಒಳ್ಳೆಯದಿರಲಿ, 20 ಪಟ್ಟು ಝೂಮಿನಲ್ಲಿ ಎರಡು ಗಂಟೆ ಕೈಯಲ್ಲಿ ಹಿಡಿಯುವುದು ಯಾರಿಂದಲೂ ಆಗದು. ಮತ್ತೆ, ಮೇಳದ ಯಜಮಾನರನ್ನೋ ಸಂಘಟಕರನ್ನೋ ಕೇಳಿಯೇ ಕ್ಯಾಮೆರಾ ಇಡಿ. ಊರಿನ ತಂಬಿಲ, ಕೋಲದಲ್ಲೂ ಹಾಗೆಯೇ.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ನಿಮ್ಮದೇ ಕಾರ್ಡ್ ತೆಗೆದುಕೊಂಡು ಹೋಗಿ, ಈ ಸಿಎಕ್ಸ್405ಕ್ಕೆ ಮೈಕ್ರೋ ಎಸ್‌ಡಿ ಬೇಕು. ಕೌಂಟರಿನ ಕೆಳಗಿನ ಕತ್ತಲೆಗೆ ಹಿಡಿದು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಬಾಗಿಲಿನ ಬೆಳಕಿಗೆ ಬೆನ್ನು ಹಾಕಿ ನಿಂತವರ ಮುಖಕ್ಕೆ ಹಿಡಿಯಿರಿ, ಮುಖ ಕಪ್ಪಾದರೆ ಚಿತ್ರದ ಬೆಳಕಿನ ಮಟ್ಟವನ್ನು, ಅಂದರೆ ಎಕ್ಸ್‌ಪೋಷರನ್ನು ಕೈಯಿಂದ ಬದಲಿಸಲು ಎಷ್ಟು ಸಲ ಮೆನು ಒತ್ತಬೇಕು ನೋಡಿ. ಮಾತಾಡದೆ ಸುಮ್ಮನೆ ಝೂಮ್ ಎಳೆಯಿರಿ, ಮೋಟಾರಿನ ಗುಂಯ್ ಸದ್ದು ರೆಕಾರ್ಡ್ ಆಗಿದೆಯಾ ಕೇಳಿ. ಹತ್ತಿರದ ವಸ್ತುವಿನಿಂದ ದೂರಕ್ಕೆ ತಿರುಗಿಸಿದಾಗ ಫೋಕಸ್ ತಡಕಾಡುತ್ತದೆಯಾ ಗಮನಿಸಿ. ಆ ಕಾರ್ಡ್ ಮನೆಗೆ ತಂದು ಟಿವಿಯಲ್ಲಿ ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದವೇ ಕಾಣುತ್ತದೆ.

ಥಾಣೆಯಿಂದ ಒಬ್ಬರು:

ಅಣ್ಣ, ಈಗಿನ ಫೋನಿನಲ್ಲಿ 4ಕೆ ಬರ್ತದೆ, ಚಿತ್ರ ಕ್ಯಾಮ್‌ಕಾರ್ಡರಿಗಿಂತ ಚಂದ. ಸುಮ್ಮನೆ ಯಾಕೆ ದುಡ್ಡು ಹಾಕುವುದು?

ಉತ್ತರ:

ಹತ್ತಿರದ್ದಕ್ಕೆ ನೀವು ಹೇಳಿದ್ದು ಪೂರ್ತಿ ಸರಿ. ಮನೆ, ಮಕ್ಕಳು, ಹುಟ್ಟುಹಬ್ಬ, ಅತ್ತೆ ಮಾವ ಚಾವಡಿಯಲ್ಲಿ ಕೂತು ಮಾತಾಡುವುದು, ಇದಕ್ಕೆಲ್ಲ ಫೋನೇ ಒಳ್ಳೆಯದು. ಅಕ್ಕ ಬರೀ ಇಷ್ಟನ್ನೇ ಕೇಳಿದ್ದರೆ ಕ್ಯಾಮ್‌ಕಾರ್ಡರ್ ಬೇಡ ಅಂತಲೇ ಹೇಳುತ್ತಿದ್ದೆ.

ಸಭಾಗೃಹದಲ್ಲಿ ಲೆಕ್ಕ ಬೇರೆ. ಹತ್ತನೇ ಸಾಲಿನಿಂದ ಫೋನಿನಲ್ಲಿ ಎಳೆದರೆ ಬಹುತೇಕ ಫೋನುಗಳಲ್ಲಿ ಅದು ಡಿಜಿಟಲ್ ಝೂಮ್, ಕಣ್ಣು ಹುಬ್ಬಿನ ಅಭಿನಯ ಕಾಣುವುದಿಲ್ಲ. ಒಂದು ಗಂಟೆ 4ಕೆ ಓಡಿಸಿದರೆ ಫೋನ್ ಕಾದು ನಿಂತುಬಿಡಬಹುದು, ಜಾಗ ತುಂಬುತ್ತದೆ, ನಡುವೆ ಯಾರದ್ದೋ ಕರೆ ಬರುತ್ತದೆ. ಫೋನಿನಲ್ಲೇ ಮಾಡುವುದಾದರೆ ಏರೋಪ್ಲೇನ್ ಮೋಡ್ ಹಾಕಿ, ಪವರ್ ಬ್ಯಾಂಕ್ ಜೋಡಿಸಿ.

ದೊಡ್ಡ ಲೆನ್ಸಿನ ಸ್ಟಿಲ್ ಕ್ಯಾಮೆರಾ ಕೊಳ್ಳುವ ಯೋಚನೆ ಇರುವವರಿಗೂ ಒಂದು ಮಾತು. ಅವುಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಒಮ್ಮೆಗೆ 30 ನಿಮಿಷ ರೆಕಾರ್ಡ್ ಮಾಡುವ ಕ್ಯಾಮೆರಾವನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಅಂತ ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸಲು ಕಂಪನಿಗಳು ಇಟ್ಟ ಮಿತಿ ಅದು. ಹೊಸ ಮಾಡೆಲ್ಲುಗಳಲ್ಲಿ ಬಹಳಷ್ಟು ಹೋಗಿದೆ, ಹಳೆಯದು ಕೊಳ್ಳುವಾಗ ಕೇಳಿಕೊಳ್ಳಿ. ಭರತನಾಟ್ಯದ ಉದ್ದನೆಯ ನೃತ್ಯವಾದ ವರ್ಣದ ನಡುವೆ ಕ್ಯಾಮೆರಾ ನಿಂತರೆ ಮಗುವನ್ನು ಮತ್ತೆ ಕುಣಿಸಲಾಗುವುದಿಲ್ಲ.

ಪುಣೆಯಿಂದ ಒಬ್ಬರು:

ಹಾಗಾದರೆ ಮೈಕ್ ಹಾಕುವಂಥದ್ದು ಯಾವುದು ಸರ್? 4ಕೆ ಬೇಕೇ ಬೇಕಾ? ವಿಡಿಯೋದಿಂದಲೇ ಫೋಟೋ ತೆಗೆದು ಆಲ್ಬಮ್ ಮಾಡಬಹುದು ಅಂತಾರಲ್ಲ?

ಉತ್ತರ:

ಸೋನಿಯ ಎಎಕ್ಸ್43, ಎಎಕ್ಸ್53 ನೋಡಿ. ಎರಡರಲ್ಲೂ 1/2.5 ಇಂಚಿನ ಸೆನ್ಸರ್, 20 ಪಟ್ಟು ಆಪ್ಟಿಕಲ್ ಝೂಮ್, ಮೈಕ್ ಮತ್ತು ಹೆಡ್‌ಫೋನ್ ತೂತು ಇವೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎಎಕ್ಸ್53ರಲ್ಲಿ ಮಾತ್ರ. ಕತ್ತಲ ಸಭಾಗೃಹದಲ್ಲಿ ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಚುಚ್ಚುತ್ತದೆ, ವ್ಯೂಫೈಂಡರ್ ಇದ್ದರೆ ಪರದೆ ಮುಚ್ಚಿಯೇ ಕೆಲಸ ಮಾಡಬಹುದು. ಬೆಲೆ ಸಿಎಕ್ಸ್405ಕ್ಕಿಂತ ಎಷ್ಟೋ ಹೆಚ್ಚು, ಅದು ನಿಮ್ಮ ಮನೆಯ ಲೆಕ್ಕ. ಫೋರ್ಟಿನ ಬೋರಾ ಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ವಿಚಾರಿಸಿ. ಆಗ ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ. ಪರದೆಯನ್ನು ತೆರೆದು ಮುಚ್ಚಿ ತಿರುಗಿಸಿ, ಚಿತ್ರ ಮಿಟುಕಿದರೆ ಒಳಗಿನ ರಿಬ್ಬನ್ ಹೋಗುತ್ತಾ ಬಂದಿದೆ ಅಂತ ಅರ್ಥ.

4ಕೆ ಬೇಕೇ ಬೇಕು ಅಂತಿಲ್ಲ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ 4ಕೆ ಗಂಟೆಗೆ 45 ಜಿಬಿ ತಿನ್ನುತ್ತದೆ. 28 ಎಂಬಿಪಿಎಸ್ ವೇಗದಲ್ಲಿ, ಕ್ಯಾಮೆರಾ ವಿಡಿಯೋ ಬರೆದಿಡುವ ಒಂದು ವಿಧಾನವಾದ ಎವಿಸಿಎಚ್‌ಡಿ ಫುಲ್ ಎಚ್‌ಡಿಗೆ 13 ಜಿಬಿಯೂ ಬೇಡ. ಇಡೀ ರಾತ್ರಿಯ ಆಟಕ್ಕೆ ಗುಣಿಸಿ ನೋಡಿ. ಕುಣಿತಕ್ಕೆ ನನಗೆ ಫುಲ್ ಎಚ್‌ಡಿ 50ಪಿ ಹೆಚ್ಚು ಇಷ್ಟ. ಸೆಕೆಂಡಿಗೆ 50 ಚಿತ್ರ ಇದ್ದರೆ ಗಿರಕಿ, ಹೆಜ್ಜೆ ಎಲ್ಲ ನುಣ್ಣಗೆ ಬರುತ್ತದೆ. ಈ ಎಎಕ್ಸ್ ಕ್ಯಾಮೆರಾಗಳಲ್ಲಿ 4ಕೆ ಸೆಕೆಂಡಿಗೆ 25ಕ್ಕೆ ನಿಲ್ಲುತ್ತದೆ.

ವಿಡಿಯೋದಿಂದ ಫೋಟೋ ತೆಗೆಯಬಹುದು, ಅಳತೆ ನೋಡಿಕೊಂಡು. ಫುಲ್ ಎಚ್‌ಡಿಯ ಒಂದು ಚೌಕಟ್ಟು 1920×1080. ಬದಿ ಕತ್ತರಿಸಿದರೆ 4×6 ಇಂಚಿನ ಪ್ರಿಂಟಿಗೆ ಇಂಚಿಗೆ 270 ಚುಕ್ಕಿ ಸಿಗುತ್ತದೆ, ಚೆನ್ನಾಗಿಯೇ ಬರುತ್ತದೆ. ಅದನ್ನೇ 8×12ಕ್ಕೆ ಹಿಗ್ಗಿಸಿದರೆ 135, ಗೋಡೆಗೆ ಹಾಕುವಂತಿಲ್ಲ. 4ಕೆ ಚೌಕಟ್ಟು ಅಗಲ, ಎತ್ತರ ಎರಡರಲ್ಲೂ ಇದರ ಎರಡು ಪಟ್ಟು, ಹಾಗಾಗಿ 8×12ಕ್ಕೂ 270 ಬರುತ್ತದೆ. ತೊಡಕು ಇರುವುದು ಶಟರಿನಲ್ಲಿ, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತಿನಲ್ಲಿ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟಿನಡಿ ಮಿಣುಕದಿರಲು 1/50 ಅಥವಾ 1/100 ಸೆಕೆಂಡಿನಲ್ಲಿ ಇಡುತ್ತೇವೆ. 1/50ರಲ್ಲಿ ಬೀಸುವ ಕೈ ಎಳೆದುಕೊಂಡೇ ಬರುತ್ತದೆ. ಭಂಗಿಯಲ್ಲಿ ನಿಂತ ಕ್ಷಣದ ಚೌಕಟ್ಟು ಆರಿಸಿದರೆ ಸರಿಯಾಗುತ್ತದೆ, ಜಿಗಿತದ್ದು ಆಗುವುದಿಲ್ಲ.

ಡೊಂಬಿವಲಿಯ ಅಕ್ಕ:

ತುಂಬಾ ಉಪಕಾರ ಅಣ್ಣ. ಇವರು ಮೊದಲು ಮಾಡಿದ ಆಟದ ವಿಡಿಯೋದಲ್ಲಿ ವೇಷದ ಮುಖ ಬರೀ ಬೆಳ್ಳಗೆ ಕಾಣ್ತದೆ. ಅದೂ ಕ್ಯಾಮೆರಾದ ದೋಷವಾ? ಮನೆಯಲ್ಲಿ ಹಳೇ ಮಿನಿ ಡಿವಿ ಟೇಪುಗಳೂ ಉಂಟು, ಮದುವೆಯದ್ದು.

ಉತ್ತರ:

ಅದು ಕ್ಯಾಮೆರಾದ ದೋಷವಲ್ಲ. ಹಿಂದೆ ಕಪ್ಪು ಪರದೆ, ಮುಂದೆ ಬೆಳಕಿನಲ್ಲಿ ವೇಷ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲೆಯೇ ಹೆಚ್ಚಿದೆ ಅಂತ ತಿಳಿದು ಎಲ್ಲವನ್ನೂ ಬೆಳಗಿಸುತ್ತದೆ, ಮುಖದ ಬಣ್ಣ, ಚುಟ್ಟಿ ಎಲ್ಲ ಅಳಿಸಿಹೋಗುತ್ತದೆ. ಕಿರೀಟದ ಮಿನುಗು ಮತ್ತು ಹಣೆಯ ನಾಮ ಸ್ಪಷ್ಟವಾಗಿ ಬೇರೆ ಬೇರೆ ಕಾಣುವಷ್ಟು ಎಕ್ಸ್‌ಪೋಷರ್ ಇಳಿಸಿ, ಹಾಗೇ ಲಾಕ್ ಮಾಡಿ. ವೇಷದ ಹಿಂದಿನ ಪರದೆ ಪೂರ್ತಿ ಕಪ್ಪಾದರೂ ಚಿಂತೆ ಬೇಡ. ಬಿಳಿ ಬಣ್ಣದ ಸಮತೋಲ, ಅಂದರೆ ವೈಟ್ ಬ್ಯಾಲೆನ್ಸ್, ಅದನ್ನೂ ಲಾಕ್ ಮಾಡಿ. ಇಲ್ಲವಾದರೆ ಕೆಂಪು ಎಲ್‌ಇಡಿ ಬಿದ್ದಾಗಲೆಲ್ಲ ಕ್ಯಾಮೆರಾ ಅದನ್ನು ತಿದ್ದಲು ಹೊರಡುತ್ತದೆ.

ಟೇಪಿನ ವಿಷಯ ತಡ ಮಾಡಬೇಡಿ. ಮಿನಿ ಡಿವಿಯಲ್ಲಿ ಇರುವುದು ಡಿಜಿಟಲ್ ದಾಖಲೆಯೇ. ಅದನ್ನು ಹಾಗೆಯೇ ಸಾಗಿಸುವ ಡಿಜಿಟಲ್ ವೈರ್ ಅಂದರೆ ಫೈರ್‌ವೈರ್. ಫೈರ್‌ವೈರ್ ಕೇಬಲಿನಿಂದ ಕಂಪ್ಯೂಟರಿಗೆ ಇಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಟಿವಿಗೆ ಹಾಕುವ ಹಳದಿ ಪಿನ್ನಿನ ವೈರಿನಿಂದ ಇಳಿಸಿ ಕೊಡುವವರಿಗೆ ಕೊಡಬೇಡಿ, ಗುಣಮಟ್ಟ ಇಳಿಯುತ್ತದೆ. ಟೇಪಿಗಿಂತ ಮೊದಲು ಅದನ್ನು ಓಡಿಸುವ ಯಂತ್ರ ಕೆಡುತ್ತದೆ, ರಿಪೇರಿ ಮಾಡುವವರೂ ಈಗ ವಿರಳ.

ಹೊಸ ಕ್ಯಾಮೆರಾದಲ್ಲಿ ಎವಿಸಿಎಚ್‌ಡಿ ಬಳಸಿದರೆ ಕಾರ್ಡಿನಲ್ಲಿರುವ ಪ್ರೈವೇಟ್ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಉದ್ದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ತುಂಡಾಗಿ ಬರೆದಿರುತ್ತದೆ, ಅವು ಹೇಗೆ ಕೂಡಬೇಕು ಅನ್ನುವ ಲೆಕ್ಕ ಅದೇ ಫೋಲ್ಡರಿನ ಬೇರೆ ಫೈಲುಗಳಲ್ಲಿ ಇರುತ್ತದೆ. ಬರೀ ವಿಡಿಯೋ ಫೈಲ್ ಎಳೆದುಕೊಂಡರೆ ಜೋಡಣೆಯ ಕಡೆ ಧ್ವನಿ ಕತ್ತರಿಸಿ ಹೋಗುವುದುಂಟು. ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟ ಮೇಲೆಯೇ ಕಾರ್ಡ್ ಅಳಿಸಿ.

ಮೇ ತಿಂಗಳಲ್ಲಿ ಮತ್ಸ್ಯಗಂಧದ ಎಸಿ ಬೋಗಿಯಿಂದ ಉಡುಪಿಯಲ್ಲಿ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಆ ಸೆಕೆಗೆ ನೀರು ಕೂರುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ. ಮುಂಬಯಿ ಮಳೆಗಾಲದಲ್ಲಿ ಬಟ್ಟೆಯ ಕಪಾಟಿನಲ್ಲಿ ಇಡಬೇಡಿ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹರಳಿನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.